ಚಂಡಮಾರುತ ಹೋದಮೇಲೆ ಕೊಜುಮೆಲ್: ಡೈವಿಂಗ್ ಪ್ರಶ್ನೋತ್ತರ

ಮೆಕ್ಸಿಕೊದ ಯುಕಾಟಾನ್ ಕರಾವಳಿಯಿಂದ ಸುಮಾರು 20 ಕಿ.ಮೀ. ಆಚೆ, ಕೆರಿಬಿಯನ್ ಸಮುದ್ರದಲ್ಲಿರುವ ಕೊಜುಮೆಲ್ ದ್ವೀಪ ಸ್ಕೂಬಾ ಡೈವಿಂಗ್‌ಗೆ ಹೆಸರುವಾಸಿ. 1988ರಲ್ಲಿ ಗಿಲ್ಬರ್ಟ್, 2005ರ ಜುಲೈನಲ್ಲಿ ಎಮಿಲಿ, ಅದೇ ವರ್ಷದ ಅಕ್ಟೋಬರ್‌ನಲ್ಲಿ ವಿಲ್ಮಾ ಹೀಗೆ ದೊಡ್ಡ ಚಂಡಮಾರುತಗಳನ್ನು ಕಂಡ ದ್ವೀಪ ಇದು. ಬಿರುಗಾಳಿ ಬಡಿದ ಡೈವಿಂಗ್ ತಾಣ ಹೇಗೆ ಚೇತರಿಸಿಕೊಳ್ಳುತ್ತದೆ, ಅಲ್ಲಿಗೆ ಹೋಗುವವರು ಏನು ನೋಡಿಕೊಳ್ಳಬೇಕು ಎಂಬ ಬಗ್ಗೆ ಬಂದ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ಪ್ರಶ್ನೆ: ಗಾಳಿ ಬೀಸುವುದು ನೀರಿನ ಮೇಲೆ. ಹದಿನೈದು, ಇಪ್ಪತ್ತು ಮೀಟರ್ ಆಳದಲ್ಲಿರುವ ಹವಳಕ್ಕೆ ಅದರಿಂದ ಏನಾಗುತ್ತದೆ?

ಗಾಳಿ ಕೆಳಗಿಳಿಯುವುದಿಲ್ಲ, ಅಲೆಯ ಓಲಾಟ ಇಳಿಯುತ್ತದೆ. ಎಷ್ಟು ಆಳಕ್ಕೆ ಎಂಬುದನ್ನು ನಿರ್ಧರಿಸುವುದು ಅಲೆಯ ಎತ್ತರಕ್ಕಿಂತ ಹೆಚ್ಚಾಗಿ ಎರಡು ಅಲೆಗಳ ನಡುವಿನ ಸಮಯ. ಆರು ಸೆಕೆಂಡಿಗೊಂದು ಬರುವ ಮಾಮೂಲಿ ಅಲೆಯ ಉದ್ದ 56 ಮೀಟರ್ ಆಸುಪಾಸು. 15 ಮೀಟರ್ ಆಳಕ್ಕೆ ಬರುವಷ್ಟರಲ್ಲಿ ಅದರ ಚಲನೆಯಲ್ಲಿ ಐದನೇ ಒಂದು ಭಾಗ ಮಾತ್ರ ಉಳಿದಿರುತ್ತದೆ. ಚಂಡಮಾರುತ ಎಬ್ಬಿಸುವ, ಹನ್ನೆರಡು ಸೆಕೆಂಡಿಗೊಂದು ಬರುವ ಅಲೆಯ ಉದ್ದ 225 ಮೀಟರ್. ಅದೇ 15 ಮೀಟರ್‌ನಲ್ಲಿ ಅದರ ಚಲನೆಯ ಮೂರರಲ್ಲಿ ಎರಡು ಭಾಗ ಹಾಗೇ ಇರುತ್ತದೆ, 30 ಮೀಟರ್‌ನಲ್ಲೂ ಶೇ 40ಕ್ಕಿಂತ ಹೆಚ್ಚು. ಅಲೆ ಆರು ಮೀಟರ್ ಎತ್ತರದ್ದಾದರೆ 15 ಮೀಟರ್ ಆಳದಲ್ಲಿ ನೀರು ಸೆಕೆಂಡಿಗೆ ಸುಮಾರು ಒಂದು ಮೀಟರ್ ವೇಗದಲ್ಲಿ ಅತ್ತಿಂದಿತ್ತ ಓಲಾಡುತ್ತದೆ. ಇದೇನು ಮಹಾ ಎನ್ನಿಸಬಹುದು. ಆದರೆ ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಆ ತಳ್ಳುವಿಕೆ ಗಂಟೆಗೆ 100 ಕಿ.ಮೀ. ವೇಗದ ಗಾಳಿಗೆ ಸಮ, ಅದೂ ಹನ್ನೆರಡು ಸೆಕೆಂಡಿಗೆ ಎರಡು ಸಲ ದಿಕ್ಕು ಬದಲಿಸುತ್ತ.

ವಿಲ್ಮಾ ಅಷ್ಟು ಹಾಳು ಮಾಡಲು ಅದರ ಗಾಳಿಯ ವೇಗದಷ್ಟೇ, ಮುಂದೆ ಸರಿಯದ ಸೋಮಾರಿತನವೂ ಕಾರಣ. 2005ರ ಅಕ್ಟೋಬರ್ 21ರಂದು ಗಂಟೆಗೆ ಸುಮಾರು 240 ಕಿ.ಮೀ. ಗಾಳಿಯೊಂದಿಗೆ ಕೊಜುಮೆಲ್‌ಗೆ ಅಪ್ಪಳಿಸಿತು. ಆಮೇಲೆ ಮುಂದೆ ಹೋಗಲೊಲ್ಲದೆ, ದ್ವೀಪ ಮತ್ತು ಎದುರಿನ ಕರಾವಳಿಯ ಮೇಲೆ ಒಂದು ದಿನಕ್ಕೂ ಮಿಕ್ಕಿ ತೆವಳುತ್ತ ಕೂತಿತು. ಕೊಜುಮೆಲ್‌ನ ಹೆಸರಾಂತ ಡೈವ್ ತಾಣಗಳೆಲ್ಲ ಇರುವುದು ಪಶ್ಚಿಮದ ಬದಿಯಲ್ಲಿ, ಏಕೆಂದರೆ ಉಳಿದ ಕಾಲದಲ್ಲಿ ಅಲೆ ಬರುವುದು ಪೂರ್ವದಿಂದ, ಅದನ್ನು ದ್ವೀಪವೇ ತಡೆಯುತ್ತದೆ. ಚಂಡಮಾರುತದ ಕೇಂದ್ರ ದಾಟುತ್ತಿದ್ದಂತೆ ಗಾಳಿ ದಿಕ್ಕು ತಿರುಗಿಸಿದಾಗ ಆ ಮರೆ ಉಳಿಯುವುದಿಲ್ಲ. ದೊಡ್ಡ ಅಲೆಗಳಿಗೆ ಒಗ್ಗಿಕೊಳ್ಳದ ಹವಳಗಳ ಮೇಲೆ ಆಗ ಏಟು ಬೀಳುತ್ತದೆ.

ಏಟು ಎಲ್ಲಕ್ಕೂ ಒಂದೇ ರೀತಿ ಬೀಳುವುದೂ ಇಲ್ಲ. ಕವಲು ಕವಲಾಗಿ ಬೆಳೆಯುವ ಎಲ್ಕ್‌ಹಾರ್ನ್, ಸ್ಟಾಗ್‌ಹಾರ್ನ್ ಹವಳಗಳು ಮೊದಲು ಮುರಿಯುತ್ತವೆ. ಬಂಡೆಯಂಥ ಹವಳಗಳು ಬುಡ ಗಟ್ಟಿಯಿದ್ದರೆ ನಿಲ್ಲುತ್ತವೆ. ಸ್ಪಂಜು, ಹುಳುಗಳು ಬುಡವನ್ನು ಕೊರೆದಿದ್ದರೆ ಮಾತ್ರ ಒಂದು ಮೀಟರ್ ಅಗಲದ ಹವಳವೂ ಮಗುಚಿ ಬೀಳುತ್ತದೆ. ಬೀಸಣಿಗೆಯಂಥ ಸೀ ಫ್ಯಾನ್, ಹಂಡೆಯಷ್ಟು ದೊಡ್ಡ ಸ್ಪಂಜುಗಳು ಬುಡಸಮೇತ ಕಿತ್ತುಹೋಗುತ್ತವೆ. ಉಳಿದದ್ದನ್ನು ಮರಳು ಉಜ್ಜುತ್ತದೆ. ಹೀಗಾಗಿ ಆಳ ಕಡಿಮೆಯಿರುವ ಹವಳದ ದಿಬ್ಬಗಳು ಹೆಚ್ಚು ಸೋಲುತ್ತವೆ. ಕೊಜುಮೆಲ್‌ನ ಪಾಲಂಕಾರ್, ಸಾಂತಾ ರೋಸಾದಂಥ ಕಡಿದಾದ ಹವಳದ ಗೋಡೆಗಳ ಆಳದ ಭಾಗ ಹೆಚ್ಚುಕಡಿಮೆ ಹಾಗೇ ನಿಲ್ಲುತ್ತದೆ.

ಪ್ರಶ್ನೆ: ಬಿರುಗಾಳಿ ಹೋದ ಎಷ್ಟು ದಿನಕ್ಕೆ ನೀರು ತಿಳಿಯಾಗುತ್ತದೆ? ಟಿಕೆಟ್ ಯಾವಾಗ ಮಾಡಿಸಬಹುದು?

ಎರಡು ಪ್ರಶ್ನೆಗೂ ಒಂದೇ ಉತ್ತರ ಅಂದುಕೊಂಡಿದ್ದೀರಿ. ಹಾಗಿಲ್ಲ.

ನೀರಿನ ಮಟ್ಟಿಗೆ ಕೊಜುಮೆಲ್ ಅದೃಷ್ಟವಂತ ದ್ವೀಪ. ಸುಣ್ಣಕಲ್ಲಿನ ನೆಲ, ಮೇಲೆ ಹರಿಯುವ ನದಿ ಒಂದೂ ಇಲ್ಲ. ಬಿದ್ದ ಮಳೆ ನೆಲದೊಳಗೆ ಇಂಗುತ್ತದೆ. ಜೊತೆಗೆ ದ್ವೀಪಕ್ಕೂ ನೆಲನಾಡಿಗೂ ನಡುವಿನ ಕಾಲುವೆಯಲ್ಲಿ ದಕ್ಷಿಣದಿಂದ ಉತ್ತರಕ್ಕೆ ಬಲವಾದ ಪ್ರವಾಹ ಸದಾ ಹರಿಯುತ್ತಿದ್ದು, ತೇಲುವ ಹೂಳನ್ನು ಹೊತ್ತೊಯ್ಯುತ್ತದೆ. ಕೆರಿಬಿಯನ್‌ನ ಇನ್ನೊಂದು ದ್ವೀಪ ಡೊಮಿನಿಕಾದ ಕತೆ ಬೇರೆ. ಅದು ಬೆಟ್ಟಗುಡ್ಡಗಳ, ಹೊಳೆಗಳ ನಾಡು. 2017ರ ಸೆಪ್ಟೆಂಬರ್‌ನಲ್ಲಿ ಮರಿಯಾ ಚಂಡಮಾರುತ ಬಂದಾಗ ಗುಡ್ಡಗಳೇ ಕುಸಿದು ಹೊಳೆಗಳು ಮಣ್ಣು, ಮರ ಎಲ್ಲ ಸಮುದ್ರಕ್ಕೆ ತಂದವು. ಅಂಥ ಕಡೆ ಚಂಡಮಾರುತ ಹೋದ ಮೇಲೂ ಪ್ರತಿ ಮಳೆಗೆ ಕರಾವಳಿ ಮತ್ತೆ ಕೆಂಪಾಗುತ್ತದೆ. ಆದ್ದರಿಂದ ಚಂಡಮಾರುತ ಹೋಗಿ ಎಷ್ಟು ದಿನವಾಯಿತು ಎಂದು ಕೇಳುವ ಬದಲು, ಅಲ್ಲಿ ನದಿ ಇದೆಯೇ, ಪ್ರವಾಹ ಇದೆಯೇ ಎಂದು ಕೇಳಿ. ಕೊಜುಮೆಲ್‌ನಲ್ಲೂ ದಿಬ್ಬದ ಮೇಲೆ ಕೂತ ಮರಳು ಬೇಗ ಹೋಗುವುದಿಲ್ಲ. ಸಣ್ಣ ಅಲೆ ಬಂದರೂ ಮತ್ತೆ ಏಳುತ್ತದೆ.

ಒಳಚರಂಡಿ ಒಡೆದ ಕಡೆ ನೀರು ತಿಳಿಯಾಗಿ ಕಂಡರೂ ಶುದ್ಧವಾಗಿರುವುದಿಲ್ಲ. ಕಿವಿ ಸೋಂಕು, ಗಾಯಕ್ಕೆ ಕೀವು ಇವು ಆ ದಿನಗಳ ಮಾಮೂಲಿ ತೊಂದರೆ. ಊರಿನ ಎದುರಿನ ದಡದಿಂದ ಇಳಿಯುವ ಡೈವ್ ಕೊನೆಗೆ ಇಟ್ಟುಕೊಳ್ಳಿ.

ಇನ್ನು ಟಿಕೆಟ್. ಅದನ್ನು ನಿರ್ಧರಿಸುವುದು ನೆಲದ ಮೇಲಿನ ಸ್ಥಿತಿ: ವಿದ್ಯುತ್, ಕುಡಿಯುವ ನೀರು, ಧಕ್ಕೆ, ಇಂಧನ, ಡಿಕಂಪ್ರೆಷನ್ (ಆಳದಿಂದ ಮೇಲೆ ಬರುವಾಗ ಮೈಯೊಳಗೆ ಗುಳ್ಳೆ ಏಳುವ ಕಾಯಿಲೆ) ಚಿಕಿತ್ಸೆಯ ಒತ್ತಡದ ಚೇಂಬರ್. ವಿಲ್ಮಾ ಕೊಜುಮೆಲ್‌ನ ಕ್ರೂಸ್ ಹಡಗುಗಳ ಧಕ್ಕೆಗಳನ್ನು ಒಡೆದುಹಾಕಿತು. ಅವುಗಳಲ್ಲೊಂದಾದ ಪ್ವೆರ್ತಾ ಮಾಯಾ ಮತ್ತೆ ತೆರೆದದ್ದು 2008ರಲ್ಲಿ. ಡೈವಿಂಗ್‌ಗೆ ಅಷ್ಟು ಕಾಯಬೇಕಾಗಿಲ್ಲ. ಸಣ್ಣ ದೋಣಿಗೆ ಸಣ್ಣ ಧಕ್ಕೆ ಸಾಕು. ಊರಿಗೇ ನೀರು, ಕರೆಂಟು ಇಲ್ಲದಿರುವಾಗ ಮಾತ್ರ ಪ್ರವಾಸಿ ಹೋಗಿ ಅದರಲ್ಲಿ ಪಾಲು ಕೇಳಬಾರದು. ಅವು ಬಂದ ಮೇಲೆ ತಡಮಾಡುವುದೂ ಸರಿಯಲ್ಲ. ಡೈವ್ ಗೈಡ್‌ಗಳಿಗೆ, ದೋಣಿಯವರಿಗೆ ಸಂಪಾದನೆ ಇಲ್ಲದ ಕಾಲ ಅದೇ.

ಪ್ರಶ್ನೆ: ಈಗಷ್ಟೇ ಬಾಗಿಲು ತೆರೆದ ಡೈವ್ ಅಂಗಡಿಯಲ್ಲಿ ನಾವು ಏನೇನು ಕೇಳಬೇಕು? ಕೇಳಿದರೆ ಬೇಸರ ಮಾಡಿಕೊಳ್ಳುತ್ತಾರೇನೋ.

ಒಳ್ಳೆಯವರು ಬೇಸರ ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೆ ನಿಮಗೆ ಉತ್ತರ ಸಿಕ್ಕಂತೆಯೇ.

ಮೊದಲು ಸಿಲಿಂಡರಿನಲ್ಲಿ ತುಂಬುವ ಗಾಳಿ. ಚಂಡಮಾರುತದ ನಂತರದ ಡೈವಿಂಗ್‌ನಲ್ಲಿ ನಮಗೆ ಹೆಚ್ಚು ಭಯ ಹುಟ್ಟಿಸುವುದು ಸಮುದ್ರ ಅಲ್ಲ, ಅಂಗಡಿಯ ಹಿಂದಿನ ಶೆಡ್. ಕರೆಂಟಿಲ್ಲದ ಊರಿನಲ್ಲಿ ಸಿಲಿಂಡರ್ ತುಂಬುವ ಕಂಪ್ರೆಸರ್ ಡೀಸೆಲ್ ಜನರೇಟರ್ ಮೇಲೆ ಓಡುತ್ತಿರುತ್ತದೆ. ಜನರೇಟರಿನ ಹೊಗೆ ಕಂಪ್ರೆಸರ್ ಗಾಳಿ ಎಳೆದುಕೊಳ್ಳುವ ಕೊಳವೆಯತ್ತ ತಿರುಗಿದರೆ ಕಾರ್ಬನ್ ಮಾನಾಕ್ಸೈಡ್ (ಸಿಒ) ಎಂಬ ವಿಷಾನಿಲ ನೇರ ಸಿಲಿಂಡರಿಗೆ ಹೋಗುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಫಿಲ್ಟರಿನಲ್ಲಿ ಅದನ್ನು ಇಂಗಾಲದ ಡೈಆಕ್ಸೈಡಿಗೆ ತಿರುಗಿಸುವ ಹಾಪ್‌ಕಲೈಟ್ ಎಂಬ ವಸ್ತು ಇದ್ದರೂ, ಗಾಳಿಯ ತೇವ ತಾಗಿದರೆ ಅದು ಕೆಲಸ ನಿಲ್ಲಿಸುತ್ತದೆ. ಬಿಸಿಲು, ತೇವ ಹೆಚ್ಚಿರುವಲ್ಲಿ ತೇವ ಹೀರುವ ಪದರ ಬೇಗ ತುಂಬಿಕೊಳ್ಳುತ್ತದೆ. ಬದಲಿ ಫಿಲ್ಟರ್ ಹಡಗಿನಲ್ಲಿ ಬರಬೇಕು, ಹಡಗು ಬಂದಿರುವುದಿಲ್ಲ. ಕಂಪ್ರೆಸರೇ ಕಾದು ಒಳಗಿನ ಎಣ್ಣೆ ಸುಟ್ಟರೂ ಇದೇ ವಿಷ ಹುಟ್ಟುತ್ತದೆ.

ಆಳದಲ್ಲಿ ಇದರ ಲೆಕ್ಕ ಬೇರೆ. 30 ಮೀಟರ್ ಕೆಳಗೆ ಒತ್ತಡ ನಾಲ್ಕು ಪಟ್ಟು. ಸಿಲಿಂಡರಿನಲ್ಲಿ ಹತ್ತು ಲಕ್ಷಕ್ಕೆ 10 ಭಾಗ ಇದ್ದದ್ದು ನೆಲದ ಮೇಲೆ 40 ಭಾಗ ಉಸಿರಾಡಿದ್ದಕ್ಕೆ ಸಮ. ಡೈವಿಂಗ್ ಗಾಳಿಗೆ ಅಮೆರಿಕದ ಮಾನದಂಡವಾದ ಗ್ರೇಡ್ ಇ ಪ್ರಕಾರ ಮಿತಿ ಹತ್ತು ಲಕ್ಷಕ್ಕೆ 10 ಭಾಗ, ಯುರೋಪಿನದು 5. ಒಂದು ಮೋಸವೂ ಇದರಲ್ಲಿದೆ. ಆಳದಲ್ಲಿ ಆಮ್ಲಜನಕದ ಒತ್ತಡವೂ ಹೆಚ್ಚಿರುವುದರಿಂದ ಲಕ್ಷಣ ಮುಚ್ಚಿಹೋಗಿ, ಮೇಲೆ ಬರುವಾಗ ಕಾಣಿಸುತ್ತದೆ. ತಲೆನೋವು, ವಾಕರಿಕೆ. ದೋಣಿಯಲ್ಲಿ ಎಲ್ಲರೂ ಅದನ್ನು ಕಡಲಬೇನೆ ಅಂದುಕೊಳ್ಳುತ್ತಾರೆ. ಒಂದೇ ಕಡೆ ಗಾಳಿ ತುಂಬಿಸಿದ ಇಬ್ಬರಿಗೆ ಒಟ್ಟಿಗೆ ತಲೆನೋವು ಬಂದರೆ ಎರಡನೆಯ ಡೈವ್ ಬೇಡ. ಶುದ್ಧ ಆಮ್ಲಜನಕ ಕೊಟ್ಟು ವೈದ್ಯರ ಬಳಿ ಹೋಗಿ. ಕೈಯಲ್ಲಿ ಹಿಡಿಯುವ ಸಿಒ ಮಾಪಕ ನಿಮ್ಮದೇ ಇಟ್ಟುಕೊಂಡು ಪ್ರತಿ ಸಿಲಿಂಡರ್ ಪರೀಕ್ಷಿಸುವುದು ಎಲ್ಲಕ್ಕಿಂತ ಉತ್ತಮ.

ಸಿಲಿಂಡರ್‌ಗಳೂ ನೀರಿನಲ್ಲಿ ಮುಳುಗಿ ಎದ್ದಿರಬಹುದು. ವಾಲ್ವ್ ತೆರೆದಿದ್ದ ಖಾಲಿ ಸಿಲಿಂಡರಿಗೆ ಉಪ್ಪುನೀರು ನುಗ್ಗಿರುತ್ತದೆ. ಉಕ್ಕಿನದಾದರೆ ತುಕ್ಕು ಒಳಗಿನ ಆಮ್ಲಜನಕವನ್ನೇ ತಿನ್ನುತ್ತದೆ. ವಾಲ್ವ್ ಬಿಚ್ಚಿ ಒಳಗೆ ದೀಪ ಬಿಟ್ಟು ನೋಡಿದ ತಾರೀಖಿನ ಚೀಟಿ ಚಂಡಮಾರುತದ ನಂತರದ್ದೋ ನೋಡಿ. ಅನುಮಾನ ಬಂದರೆ ಸಿಲಿಂಡರ್ ತಲೆಕೆಳಗೆ ಹಿಡಿದು ವಾಲ್ವ್ ಸ್ವಲ್ಪವೇ ಬಿಡಿ. ನೀರಿನ ಹನಿ ಬಂದರೆ ಅದನ್ನು ಪಕ್ಕಕ್ಕಿಡಿ.

ಇನ್ನು ಆಮ್ಲಜನಕ. ದೋಣಿಯಲ್ಲಿ ಇದೆ ಎಂದರೆ ಸಾಲದು, ಎಷ್ಟು ಲೀಟರ್ ಇದೆ ಕೇಳಿ. ನಿಮಿಷಕ್ಕೆ 15 ಲೀಟರ್ ಲೆಕ್ಕದಲ್ಲಿ 600 ಲೀಟರ್ ಬರುವುದು 40 ನಿಮಿಷ. ಅಷ್ಟರಲ್ಲಿ ಚೇಂಬರ್ ತಲುಪಬಹುದೇ? ಚೇಂಬರಿಗೆ ವಿದ್ಯುತ್ತು, ಆಮ್ಲಜನಕ, ನಡೆಸುವ ಸಿಬ್ಬಂದಿ ಮೂರೂ ಇವೆಯೇ? ಇಲ್ಲವಾದರೆ ಎದುರಿನ ಊರಿಗೆ ಕಡಲು ದಾಟಬೇಕು, ಅದೇ ಚಂಡಮಾರುತ ಆ ಊರನ್ನೂ ಬಿಟ್ಟಿರುವುದಿಲ್ಲ. ಚೇಂಬರ್ ಶುರುವಾಗುವ ತನಕ ಡೈವ್ ಮಾಡಲೇಬೇಕಿದ್ದರೆ 18 ಮೀಟರ್ ದಾಟಬೇಡಿ, ದಿನಕ್ಕೆ ಎರಡಕ್ಕೆ ನಿಲ್ಲಿಸಿ.

ಕೊಜುಮೆಲ್‌ನಲ್ಲಿ ಪ್ರವಾಹದ ಜೊತೆ ತೇಲುತ್ತ ಹೋಗುವ ಡ್ರಿಫ್ಟ್ ಡೈವ್ ರೂಢಿ. ಲಂಗರು ಹಾಕುವುದಿಲ್ಲ, ದೋಣಿಯೇ ಗುಳ್ಳೆಗಳ ಹಿಂದೆ ಬರುತ್ತದೆ. ದೋಣಿಗೆ ಎಂಜಿನ್ ಒಂದೇ ಇದ್ದು ಅದೂ ಮುಳುಗಿ ರಿಪೇರಿಯಾದದ್ದಾದರೆ, ಪ್ರವಾಹ ನಿಮ್ಮನ್ನು ಉತ್ತರಕ್ಕೆ ಒಯ್ಯುವಾಗ ಹಿಂದೆ ಬರುವವರಿರುವುದಿಲ್ಲ. ಪ್ರತಿಯೊಬ್ಬರ ಬಳಿಯೂ ಒಂದೂವರೆ ಮೀಟರ್ ಎತ್ತರದ ಗಾಳಿ ತುಂಬುವ ಸಿಗ್ನಲ್ ಕೊಳವೆ, ಸೀಟಿ ಇರಲಿ.

ಪ್ರಶ್ನೆ: ಮುರಿದ ಹವಳವನ್ನು ಮತ್ತೆ ಅಂಟಿಸುತ್ತಾರೆ ಎಂದು ಓದಿದ್ದೆ. ಹೇಗೆ? ನಿಜಕ್ಕೂ ಬದುಕುತ್ತದೆಯೇ?

ಬದುಕುತ್ತದೆ, ಬೇಗ ಕೈ ಹಾಕಿದರೆ. ಮರಳಿನ ಮೇಲೆ ಬಿದ್ದ ತುಂಡು ಅಲೆಯ ಜೊತೆ ಉರುಳುತ್ತ ಸವೆಯುತ್ತದೆ, ಅರ್ಧ ಹೂತುಹೋಗುತ್ತದೆ. ದಿನಗಳು, ಹೆಚ್ಚೆಂದರೆ ಕೆಲವು ವಾರ ಅದರ ಗಡುವು. ಅಲೆ ಇಳಿಯುವ ಮುಂಚೆ ಅಂಟಿಸಿದ್ದೂ ನಿಲ್ಲುವುದಿಲ್ಲ. ಕೆಲಸಕ್ಕೆ ಸಿಗುವ ಕಾಲ ಈ ಎರಡರ ನಡುವಿನದು.

ಮೊದಲ ಸುತ್ತಿನಲ್ಲಿ ಯಾವುದನ್ನೂ ಮುಟ್ಟದೆ ಈಜಿ ಗುರುತು ಹಾಕುತ್ತಾರೆ: ಮಗುಚಿದ ದೊಡ್ಡ ಹವಳ ಎಲ್ಲಿ, ಜೀವವಿರುವ ತುಂಡುಗಳ ರಾಶಿ ಎಲ್ಲಿ, ತಗಡು, ಮರ, ಹಗ್ಗ ಎಲ್ಲಿ. ಆಮೇಲೆ ಕಸ ತೆಗೆಯುವುದು. ಹವಳಕ್ಕೆ ಸುತ್ತಿಕೊಂಡ ಹಗ್ಗವನ್ನು ಎಳೆಯಬಾರದು, ಅಲ್ಲಲ್ಲೇ ಕತ್ತರಿಸಬೇಕು. ಮಗುಚಿದ್ದನ್ನು ಎತ್ತಲು ಗಾಳಿ ತುಂಬುವ ಲಿಫ್ಟ್ ಬ್ಯಾಗ್ ಬೇಕು. ಒಂದು ಲೀಟರ್ ಗಾಳಿ ನೀರಿನೊಳಗೆ ಹೆಚ್ಚುಕಡಿಮೆ ಒಂದು ಕಿಲೊ ಎತ್ತುತ್ತದೆ. ಇಲ್ಲಿ ಅಪಾಯವೆಂದರೆ, 20 ಮೀಟರ್‌ನಲ್ಲಿ ತುಂಬಿದ ಗಾಳಿ 10 ಮೀಟರಿಗೆ ಬರುವಷ್ಟರಲ್ಲಿ ಒಂದೂವರೆ ಪಟ್ಟು ಹಿಗ್ಗುತ್ತದೆ. ಚೀಲ ಜಿಗಿದು ಮೇಲಕ್ಕೆ ಹಾರಿ, ಗಾಳಿ ಚೆಲ್ಲಿ, ಹೊರೆ ಕೆಳಗೆ ಬೀಳುತ್ತದೆ. ಒಂದು ದೊಡ್ಡ ಚೀಲದ ಬದಲು ಮೂರು ಸಣ್ಣವು ಕಟ್ಟುವುದು, ಗಾಳಿ ಬಿಡುವ ದಾರ ಕೈಯಲ್ಲೇ ಇಟ್ಟುಕೊಳ್ಳುವುದು, ಹೊರೆಯ ಕೆಳಗೆ ಯಾರೂ ಇರದಂತೆ ನೋಡಿಕೊಳ್ಳುವುದು ಇದಕ್ಕಾಗಿಯೇ.

ಸಣ್ಣ ತುಂಡುಗಳನ್ನು ಸತ್ತ ತುದಿಯಲ್ಲಿ ಹಿಡಿದು ಬುಟ್ಟಿಯಲ್ಲಿ ಒಂದರ ಮೇಲೊಂದು ಬೀಳದಂತೆ ಜೋಡಿಸುತ್ತಾರೆ. ಬೇರೆ ಬೇರೆ ಜಾತಿ ಒಂದಕ್ಕೊಂದು ತಾಗಿದರೆ ಒಂದನ್ನೊಂದು ಕುಟುಕಿ ಸಾಯಿಸುತ್ತವೆ. ಅಂಟಿಸುವ ಜಾಗವನ್ನು ತಂತಿ ಬ್ರಷ್‌ನಿಂದ ಬಿಳಿ ಕಲ್ಲು ಕಾಣುವ ತನಕ ಉಜ್ಜಬೇಕು. ಸೋತ ಕೆಲಸಗಳಲ್ಲಿ ಬಹುಪಾಲು ಸೋಲುವುದು ಇಲ್ಲೇ, ಪಾಚಿಯ ಮೇಲೆ ಸಿಮೆಂಟ್ ಹಿಡಿಯುವುದಿಲ್ಲ. ಪೋರ್ಟ್‌ಲ್ಯಾಂಡ್ ಸಿಮೆಂಟ್ ಹತ್ತು ಪಾಲಿಗೆ ಮೈಕ್ರೋಸಿಲಿಕಾ ಎಂಬ ನುಣುಪಾದ ಸಿಲಿಕಾ ಪುಡಿ ಒಂದು ಪಾಲು ಎಂಬುದು ಒಂದು ರೂಢಿಯ ಮಿಶ್ರಣ. ಮೈಕ್ರೋಸಿಲಿಕಾ ಇದ್ದರೆ ಸಿಮೆಂಟ್ ಜಿಗುಟಾಗುತ್ತದೆ, ನೀರಿನಲ್ಲಿ ಕದಡುವುದು ಕಡಿಮೆ. ದೋಣಿಯಲ್ಲೇ ಕಲಸಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲುವಷ್ಟು ಗಟ್ಟಿ ಮಾಡಿ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕೆಳಗೆ ಕಳಿಸುತ್ತಾರೆ. ತೆಳುವಾದರೆ ಬಿಳಿ ಮೋಡವೆದ್ದು ಸುತ್ತಲಿನ ಜೀವಂತ ಹವಳವನ್ನೂ ಕ್ಷಾರ ಸುಡುತ್ತದೆ. ಬೆರಳುದ್ದದ ತುಂಡಿಗೆ ಎರಡು ಭಾಗ ಕಲಸುವ ಇಪಾಕ್ಸಿ ಅಂಟು ಸಾಕು. ಸ್ಟಾಗ್‌ಹಾರ್ನ್ ಆದರೆ ಮೊಳೆ ಹೊಡೆದು ಕೇಬಲ್ ಟೈ ಬಿಗಿದರೂ ಆಯಿತು. ಬೆರಳಿನಿಂದ ತಟ್ಟಿದಾಗ ಅಲುಗಿತೆಂದರೆ ಮತ್ತೆ ಮಾಡಬೇಕು. ಅಲುಗಾಡುವ ತುಂಡು ಕಲ್ಲಿಗೆ ಕೂಡಿ ಬೆಳೆಯುವುದಿಲ್ಲ.

ಇದಕ್ಕೆಲ್ಲ ಹಣ ತಡವಾಗಿ ಬಂದರೆ ಬಂದೂ ಪ್ರಯೋಜನವಿಲ್ಲ. ಕೊಜುಮೆಲ್ ಸೇರಿರುವ ಕಿಂತಾನಾ ರೂ ರಾಜ್ಯ ಇದಕ್ಕೊಂದು ದಾರಿ ಮಾಡಿಕೊಂಡಿತು. ಹವಳದ ದಿಬ್ಬಕ್ಕೇ ವಿಮೆ. ಗುರುತಿಸಿದ ಪ್ರದೇಶದೊಳಗೆ ಗಾಳಿ 100 ನಾಟ್, ಅಂದರೆ ಗಂಟೆಗೆ 185 ಕಿ.ಮೀ. ಮುಟ್ಟಿದರೆ ಸಾಕು, ಹಾನಿಯ ಲೆಕ್ಕ ಹಾಕುತ್ತ ಕೂರದೆ ಹಣ ಕೊಡುವ ಒಪ್ಪಂದ. 2020ರ ಅಕ್ಟೋಬರ್‌ನಲ್ಲಿ ಡೆಲ್ಟಾ ಚಂಡಮಾರುತ ಅದೇ ರಾಜ್ಯದ ಪ್ವೆರ್ತೊ ಮೊರೆಲೋಸ್ ಬಳಿ ಬಡಿದಾಗ ಹೀಗೆ ಸುಮಾರು 8.5 ಲಕ್ಷ ಡಾಲರ್ ಬಂತು. ಮೊದಲೇ ತರಬೇತಾಗಿದ್ದ ತಂಡಗಳು ನೀರಿಗಿಳಿದು ಸಾವಿರಾರು ತುಂಡುಗಳನ್ನು ಉಳಿಸಿದವು.

ಪ್ರಶ್ನೆ: ನಾನು ಅಡ್ವಾನ್ಸ್ಡ್ ಡೈವರ್. ರಜೆಯಲ್ಲಿ ಹೋಗಿ ಈ ಕೆಲಸದಲ್ಲಿ ಕೈ ಜೋಡಿಸಬಹುದೇ?

ನೀವಾಗಿಯೇ ಮುಟ್ಟುವಂತಿಲ್ಲ. ಕೊಜುಮೆಲ್‌ನ ದಿಬ್ಬಗಳು 1996ರಿಂದ ರಾಷ್ಟ್ರೀಯ ಉದ್ಯಾನ. ಹವಳ ಎತ್ತಲು ಸರ್ಕಾರದ ಪರವಾನಗಿಯಿರುವ ತಂಡವೇ ಬೇಕು. ಅಲ್ಲಿ ಡೈವರ್‌ಗಳಿಗೆ ಗ್ಲೌಸ್, ಚಾಕು ಕೂಡ ನಿಷಿದ್ಧ, ಕೈ ಬರಿದಾಗಿದ್ದರೆ ಹಿಡಿಯುವ ಚಪಲ ಕಡಿಮೆ ಎಂಬುದೇ ತರ್ಕ. ತಂಡಕ್ಕೆ ಸೇರಿಸಿಕೊಂಡರೆ ಸಿಮೆಂಟ್ ಕಲಸುವುದು, ಬುಟ್ಟಿ ಇಳಿಸುವುದು, ದಡದ ಕಸ ಹೆಕ್ಕುವುದು ಬೇಕಾದಷ್ಟಿದೆ. ಮಂಡಿಯೂರದೆ ಒಂದೇ ಮಟ್ಟದಲ್ಲಿ ಹತ್ತು ನಿಮಿಷ ತೇಲಿ ನಿಲ್ಲಲು ಬಾರದವರು ಕೆಳಗಿಳಿದರೆ ಉಳಿಸುವುದಕ್ಕಿಂತ ಮುರಿಯುವುದೇ ಹೆಚ್ಚು.

ಪ್ರಶ್ನೆ: ವಿಲ್ಮಾ ಬಂದು ಇಷ್ಟು ವರ್ಷವಾಯಿತು. ದಿಬ್ಬ ಮೊದಲಿನಂತೆ ಆಗಿದೆಯೇ?

ಮೊದಲಿನಂತೆ ಅಲ್ಲ. ಆದರೆ ತಪ್ಪೆಲ್ಲ ವಿಲ್ಮಾದ ತಲೆಗೆ ಕಟ್ಟುವಂತಿಲ್ಲ.

ಹವಳಗಳಿಗೆ ಚಂಡಮಾರುತ ಹೊಸದಲ್ಲ. ಕವಲು ಹವಳ ಮುರಿದ ತುಂಡುಗಳಿಂದಲೇ ಹರಡುತ್ತದೆ, ಸ್ಟಾಗ್‌ಹಾರ್ನ್ ವರ್ಷಕ್ಕೆ 10ರಿಂದ 20 ಸೆಂ.ಮೀ. ಬೆಳೆಯುತ್ತದೆ. ಬಂಡೆ ಹವಳ ವರ್ಷಕ್ಕೆ ಒಂದು ಸೆಂ.ಮೀ. ಆಸುಪಾಸು. ಅದು ಹೋದರೆ ನಮ್ಮ ಜೀವಮಾನದಲ್ಲಿ ಬರುವುದಿಲ್ಲ. ಚಂಡಮಾರುತ ಕೆಳಗಿನ ತಣ್ಣನೆ ನೀರನ್ನು ಕಲಕಿ ಮೇಲೆ ತರುವುದರಿಂದ, ಬಿಸಿಗೆ ಬಿಳಿಚಿಕೊಳ್ಳುತ್ತಿರುವ ಹವಳಕ್ಕೆ ಉಪಕಾರವಾಗುವುದೂ ಉಂಟು.

ತೊಂದರೆ ಬರುವುದು ಏಟಿನ ಮೇಲೆ ಬೇರೆ ಏಟು ಬಿದ್ದಾಗ. ಜಮೈಕಾದಲ್ಲಿ 1980ರ ಆಲನ್ ಚಂಡಮಾರುತದ ನಂತರ ಹವಳ ಚಿಗುರತೊಡಗಿತ್ತು. 1983ರಲ್ಲಿ ಪಾಚಿ ಮೇಯುವ ಡಯಡೆಮಾ ಎಂಬ ಉದ್ದ ಮುಳ್ಳಿನ ಕಪ್ಪು ಅರ್ಚಿನ್‌ಗಳು (ಮುಳ್ಳುಚೆಂಡಿನಂಥ ಕಡಲಜೀವಿ) ರೋಗಕ್ಕೆ ಸಾಮೂಹಿಕವಾಗಿ ಸತ್ತವು. ಪಾಚಿ ತಿನ್ನುವ ಮೀನುಗಳನ್ನು ಅದಕ್ಕೂ ಮೊದಲೇ ಹಿಡಿದು ಮುಗಿಸಲಾಗಿತ್ತು. ಪಾಚಿ ಎಲ್ಲವನ್ನೂ ಮುಚ್ಚಿತು. 1970ರ ದಶಕದ ಕೊನೆಗೆ ಅರ್ಧದಷ್ಟು ತಳವನ್ನು ಹೊದ್ದಿದ್ದ ಹವಳ 1990ರ ದಶಕದ ಆರಂಭಕ್ಕೆ ಶೇ 5ಕ್ಕಿಂತ ಕೆಳಗಿಳಿದಿತ್ತು.

ಕೊಜುಮೆಲ್‌ಗೆ ಅಂಥ ಎರಡನೆಯ ಏಟು ಬಿದ್ದದ್ದು 2018ರ ಕೊನೆಗೆ. ಹವಳದ ಅಂಗಾಂಶವೇ ಕಳಚಿಹೋಗುವ ರೋಗ ಅದು, 2014ರಲ್ಲಿ ಫ್ಲಾರಿಡಾದಲ್ಲಿ ಮೊದಲು ಕಂಡದ್ದು. ವಿಲ್ಮಾಕ್ಕೆ ಜಗ್ಗದ ಮಿದುಳಿನಾಕಾರದ ಹವಳಗಳು ವಾರಗಳಲ್ಲಿ ಸತ್ತವು. 2019ರ ಅಕ್ಟೋಬರ್‌ನಲ್ಲಿ ಪಾಲಂಕಾರ್, ಕೊಲಂಬಿಯಾ ದಿಬ್ಬಗಳನ್ನು ಸ್ವಲ್ಪ ಕಾಲ ಪ್ರವಾಸಿಗಳಿಗೆ ಮುಚ್ಚಬೇಕಾಯಿತು. ಈ ರೋಗದ ದೃಷ್ಟಿಯಿಂದ, ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗುವ ಮುನ್ನ ರೆಕ್ಕೆಪಾದ (ಕಾಲಿಗೆ ಹಾಕುವ ಫಿನ್), ಬೆಲ್ಟ್, ಬೂಟುಗಳನ್ನು ಶೇ 1ರ ಬ್ಲೀಚ್ ದ್ರಾವಣದಲ್ಲಿ ಹತ್ತು ನಿಮಿಷ ನೆನೆಸಿ, ಸಿಹಿನೀರಿನಲ್ಲಿ ತೊಳೆದು ಒಣಗಿಸಿ. ಆ ನೀರನ್ನು ಸಮುದ್ರಕ್ಕೆ ಚೆಲ್ಲಬೇಡಿ. ಬಾಯಲ್ಲಿಟ್ಟು ಉಸಿರಾಡುವ ರೆಗ್ಯುಲೇಟರಿಗೆ ಬ್ಲೀಚ್ ಬೇಡ, ರಬ್ಬರ್ ಹಾಳಾಗುತ್ತದೆ. ಅದಕ್ಕೆಂದೇ ಇರುವ ಸೋಂಕುನಾಶಕ ಬಳಸಿ.

ಸ್ಪಂಜು, ಮೀನುಗಳ ವಿಷಯದಲ್ಲಿ ಮಾತ್ರ ಹೋದವರಿಗೆ ನಿರಾಸೆಯಿಲ್ಲ. ಕೊಜುಮೆಲ್ ಬಿಟ್ಟರೆ ಬೇರೆಡೆ ಕಾಣುವುದೇ ಅಪರೂಪವಾದ, ಮೈಮೇಲೆ ಪಟ್ಟೆ, ರೆಕ್ಕೆಗೆ ಹಳದಿ ಅಂಚಿರುವ ಸ್ಪ್ಲೆಂಡಿಡ್ ಟೋಡ್‌ಫಿಶ್ ಹವಳದ ಬುಡದ ಸಂದುಗಳಲ್ಲಿ ಈಗಲೂ ಗೊಟರುಗುಡುತ್ತದೆ. ಟಾರ್ಚ್ ಇಲ್ಲದೆ ಹುಡುಕಬೇಡಿ.

ಪ್ರಶ್ನೆ: ಡೈವರ್‌ಗಳಿಗೆಂದೇ ಮುಳುಗಿಸಿದ ಹಡಗಿನೊಳಗೆ ಹೋಗಬಹುದೇ? ಬಿರುಗಾಳಿಯಲ್ಲಿ ಅದೇನಾದರೂ ಅಲುಗಾಡುತ್ತದೆಯೇ?

ಅಲುಗಾಡುವುದೇನು, ಮಗ್ಗುಲೇ ಬದಲಿಸಬಹುದು. ಫ್ಲಾರಿಡಾದ ಕೀ ಲಾರ್ಗೊ ಬಳಿ 2002ರಲ್ಲಿ ಮುಳುಗಿಸಿದ 155 ಮೀಟರ್ ಉದ್ದದ ಸ್ಪೀಗಲ್ ಗ್ರೋವ್ ಎಂಬ ಹಡಗು ಬಲಮಗ್ಗುಲಾಗಿ ಮಲಗಿತ್ತು. 2005ರ ಜುಲೈನಲ್ಲಿ ಡೆನಿಸ್ ಚಂಡಮಾರುತ ಅದನ್ನು ನೆಟ್ಟಗೆ ನಿಲ್ಲಿಸಿಬಿಟ್ಟಿತು! ಕೊಜುಮೆಲ್‌ನಲ್ಲಿ ಸಿ-53 ಎಂದು ಕರೆಯುವ ಹಳೆಯ ನೌಕಾಪಡೆ ಹಡಗು ಸುಮಾರು 24 ಮೀಟರ್ ಆಳದಲ್ಲಿದೆ. ಚಂಡಮಾರುತದ ನಂತರ ಯಾವುದೇ ಹಡಗಿನ ಹಳೆಯ ನಕ್ಷೆ ನಂಬಬೇಡಿ. ಒಳಗೆ ಹೂಳು ತುಂಬಿರುತ್ತದೆ, ಒಂದು ಸಲ ಕಾಲು ಬಡಿದರೆ ಬಾಗಿಲು ಕಾಣುವುದಿಲ್ಲ. ತಗಡು ಹರಿದು ಅಂಚು ಚೂಪಾಗಿರುತ್ತದೆ. ಸ್ಥಳೀಯ ಗೈಡ್‌ಗಳು ಒಳದಾರಿ ಪೂರ್ತಿ ಪರಿಶೀಲಿಸಿದ್ದೇವೆ ಎನ್ನುವ ತನಕ ಹೊರಗಿನಿಂದಲೇ ನೋಡಿ.

ಪ್ರಶ್ನೆ: ಚಂಡಮಾರುತದ ಕಾಲ ತಪ್ಪಿಸಿ ಹೋಗುವುದು ಹೇಗೆ? ವಿಮೆ ಬರುತ್ತದೆಯೇ?

ಅಟ್ಲಾಂಟಿಕ್ ಚಂಡಮಾರುತಗಳ ಕಾಲ ಜೂನ್ 1ರಿಂದ ನವೆಂಬರ್ 30. ಆಗಸ್ಟ್ ಮಧ್ಯದಿಂದ ಅಕ್ಟೋಬರ್ ಮಧ್ಯದ ತನಕ ಉಚ್ಛ್ರಾಯ, ವಿಲ್ಮಾ ಅದನ್ನೂ ದಾಟಿ ಬಂದದ್ದು. ಡಿಸೆಂಬರಿನಿಂದ ಮೇವರೆಗೆ ಹೋದರೆ ಈ ಚಿಂತೆಯಿಲ್ಲ. ಆದರೆ ಚಳಿಗಾಲದಲ್ಲಿ ಉತ್ತರದ ಗಾಳಿ ಬಂದಾಗ ಬಂದರು ಒಂದೆರಡು ದಿನ ಮುಚ್ಚುತ್ತದೆ. ದಕ್ಷಿಣ ಕೆರಿಬಿಯನ್‌ನ ಬೊನೇರ್ ದ್ವೀಪ ಚಂಡಮಾರುತದ ಹಾದಿಯಿಂದ ಹೊರಗೆ ಎನ್ನುತ್ತಾರೆ. ಬಹುಮಟ್ಟಿಗೆ ನಿಜ. ಆದರೂ 1999ರ ನವೆಂಬರ್‌ನಲ್ಲಿ ಲೆನ್ನಿ ಎಂಬುದು ಪದ್ಧತಿಗೆ ವಿರುದ್ಧವಾಗಿ ಪಶ್ಚಿಮದಿಂದ ಪೂರ್ವಕ್ಕೆ ಚಲಿಸಿ, ನೂರಾರು ಕಿ.ಮೀ. ದೂರದಿಂದಲೇ ಕಳಿಸಿದ ಅಲೆಗಳು ಬೊನೇರ್‌ನ ಪಶ್ಚಿಮ ದಡದ ಹವಳವನ್ನು ಮುರಿದವು.

ವಿಮೆಯ ನಿಯಮ ಸರಳ. ಚಂಡಮಾರುತಕ್ಕೆ ಹೆಸರಿಟ್ಟ ಮೇಲೆ ಕೊಂಡ ಪಾಲಿಸಿಗೆ ಆ ಚಂಡಮಾರುತ ಸೇರುವುದಿಲ್ಲ, ಆದ್ದರಿಂದ ಟಿಕೆಟ್ ಜೊತೆಗೇ ಕೊಳ್ಳಿ. ಹೋಟೆಲ್ ತೆರೆದಿದ್ದು ಡೈವಿಂಗ್ ಮಾತ್ರ ನಿಂತಿದ್ದರೆ ಸಾಮಾನ್ಯ ಪ್ರವಾಸ ವಿಮೆ ಹಣ ಕೊಡದೇ ಇರಬಹುದು. ಚೇಂಬರ್ ಚಿಕಿತ್ಸೆಗೆ ಬೇರೆಯದೇ ಡೈವಿಂಗ್ ವಿಮೆ ಬೇಕು, ಅದರಲ್ಲಿ ಎಷ್ಟು ಆಳದವರೆಗೆ ರಕ್ಷಣೆ, ಬೇರೆ ಊರಿಗೆ ಸಾಗಿಸುವ ವೆಚ್ಚ ಸೇರಿದೆಯೇ ಎಂಬ ಎರಡು ಸಾಲು ಓದಿ ಸಹಿ ಹಾಕಿ.